ನಿಮ್ಮೂರಿಗೆ ನೆಟ್‌ವರ್ಕ್ ಬೇಕಾ? ಅರ್ಜಿ ಹೀಗೆ ಬರೀರಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಟವರ್ ಬೇಕು ಅಂತ ಮನವಿ ಕೊಡೋರಿಗೇನೂ ಬರ ಇಲ್ಲ, ಆದ್ರೆ ಹೆಚ್ಚಿನವು "ಸಿಗ್ನಲ್ ಇಲ್ಲ, ದಯವಿಟ್ಟು ಗಮನಿಸಿ" ಅನ್ನೋ ಎರಡು ಸಾಲು, ಕೆಳಗೆ ಒಂದಷ್ಟು ಸಹಿ. ಅಂಥ ಕಾಗದ ಮುಂದಕ್ಕೆ ಹೋಗಲ್ಲ.

ಮೊದ್ಲು ದುಡ್ಡು ಎಲ್ಲಿದೆ ತಿಳ್ಕೊಳ್ಳಿ. ಮೊಬೈಲ್ ಕಂಪನಿಗಳ ಆದಾಯದಲ್ಲಿ ಶೇ. 5ರ ಪಾಲು ಹಳ್ಳಿಗಾಡಿನ ಸಂಪರ್ಕಕ್ಕೆ ಅಂತಲೇ ಕೇಂದ್ರದ ನಿಧಿಗೆ ಹೋಗುತ್ತೆ. 2002ರಲ್ಲಿ ಶುರುವಾದ ಯುಎಸ್‌ಒ ಫಂಡ್ (ಎಲ್ರಿಗೂ ಟೆಲಿಕಾಂ ಸೇವೆ ಮುಟ್ಟಿಸೋ ನಿಧಿ) ಅದು, 2023ರ ಟೆಲಿಕಾಂ ಕಾಯ್ದೆ ಬಂದ್ಮೇಲೆ ಹೆಸರು ಡಿಜಿಟಲ್ ಭಾರತ್ ನಿಧಿ. ಪಂಚಾಯಿತಿಗಳಿಗೆ ಇಂಟರ್ನೆಟ್ ತರೋ ಭಾರತ್‌ನೆಟ್ ಫೈಬರ್, 2022ರಲ್ಲಿ ಒಪ್ಪಿಗೆ ಸಿಕ್ಕ 26,316 ಕೋಟಿಯ 4ಜಿ ಟವರ್ ಯೋಜನೆ ಎರಡಕ್ಕೂ ಇದೇ ನಿಧಿ. ನಮ್ಮ ರೀಚಾರ್ಜ್ ದುಡ್ಡೂ ಅದರಲ್ಲಿದೆ, ಬೇಡೋದು ಬೇಡ, ಹಕ್ಕಿಂದ ಕೇಳಿ.

ಈಗ ಎಲ್ರೂ ಎಡವೋ ಜಾಗ. ಸರ್ಕಾರ ಲೆಕ್ಕ ಹಾಕೋದು ಕಂದಾಯ ಗ್ರಾಮದ ಮೇಲೆ. ನಮ್ಮಲ್ಲಿ ಗುಡ್ಡದಾಚೆ ನಾಲ್ಕು ಮನೆ, ಹಳ್ಳ ದಾಟಿದ್ರೆ ಆರು ಮನೆ, ಎಲ್ಲ ಸೇರಿ ಒಂದು ಗ್ರಾಮ, ರಸ್ತೆ ಬದಿ ಅಂಗಡಿ ಹತ್ರ ಎರಡು ಕಡ್ಡಿ ಬಂತು ಅಂದ್ರೆ ಇಡೀ ಗ್ರಾಮ ಕವರೇಜ್ ಇರೋ ಪಟ್ಟಿಗೆ ಸೇರಿಬಿಡಬಹುದು. ಅದಕ್ಕೇ ಮಜರೆವಾರು, ಅಂದ್ರೆ ಗ್ರಾಮದೊಳಗಿನ ಒಂದೊಂದು ಮನೆಗುಂಪಿನ ಲೆಕ್ಕದಲ್ಲಿ ಬರೀರಿ: ಪಹಣಿಲಿರೋ ಗ್ರಾಮದ ಹೆಸರು, ಮಜರೆ, ಮನೆ ಎಷ್ಟು, ಅಂಗಳದಲ್ಲಿ ನಿಂತು ತೆಗೆದ ಲೊಕೇಷನ್, ಪ್ರತಿ ಕಂಪನಿ ಸಿಮ್ಮಿನ ಡಿಬಿಎಂ, ಅಂದ್ರೆ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನೋ ಅಳತೆ. ಇದು ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಸಿಮ್ ಸ್ಟೇಟಸ್ ಒಳಗೆ ಸಿಗುತ್ತೆ, 4ಜಿಲಿ ಮೈನಸ್ 90 ಇದ್ರೆ ಆರಾಮು, ಮೈನಸ್ 115 ದಾಟಿದ್ರೆ ಕಾಲ್ ನಿಲ್ಲೋದೇ ಕಷ್ಟ. ಕಡ್ಡಿ ನಂಬ್ಬೇಡಿ, ಒಂದೇ ಜಗಲಿ ಮೇಲೆ ಒಂದೊಂದು ಫೋನು ಒಂದೊಂದು ತೋರಿಸುತ್ತೆ. ಕರೆಂಟ್ ಹೋದಾಗ್ಲೂ ಅಳೀರಿ, ಟವರಿನ ಬ್ಯಾಟರಿ ಸತ್ತಿದ್ರೆ ನೀವು ಕೇಳ್ಬೇಕಾದ್ದು ಹೊಸ ಟವರ್ ಅಲ್ಲ, ಹೊಸ ಬ್ಯಾಟರಿ.

ಆನ್‌ಲೈನಲ್ಲಿ ಸಿಗೋ ಸಿಗ್ನಲ್ ಬೂಸ್ಟರ್ ಮಾತ್ರ ಖಂಡಿತ ತಗೋಬೇಡಿ. ಅನುಮತಿ ಇಲ್ಲದೆ ಹಾಕೋದು ಕಾನೂನುಬಾಹಿರ, ಪಕ್ಕದ ಮನೆಯವ್ರಿಗೆ ಬರ್ತಿದ್ದ ಸಿಗ್ನಲ್ಲೂ ಕೆಡುತ್ತೆ.

ಟವರಿಗಿಂತ ಮೊದ್ಲು ಶಾಲೆ, ಆಸ್ಪತ್ರೆವರೆಗೆ ಫೈಬರ್ ಕೇಳಿ, ವೈಫೈ ಕಾಲಿಂಗಲ್ಲಿ ಮಾತೂ ಆಗುತ್ತೆ. ಕಾಡು ಅಡ್ಡ ಬಂದ್ರೆ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ನೋಡಿ, ಟೆಲಿಕಾಂ ಲೈನಿಗೆ 1 ಹೆಕ್ಟೇರಿಗಿಂತ ಕಮ್ಮಿ ಜಾಗ ಕೊಡೋಕೆ ಅವಕಾಶ ಇದೆ, ಆದ್ರೆ ಗ್ರಾಮಸಭೆ ಶಿಫಾರಸು ಬೇಕೇ ಬೇಕು. ಶರಾವತಿ ಅಭಯಾರಣ್ಯದ ಒಳಗಾದ್ರೆ ವನ್ಯಜೀವಿ ಮಂಡಳಿ ಒಪ್ಪಿಗೆ ಬೇರೆ.

ಗ್ರಾಮಸಭೆ ಠರಾವು, ಮಜರೆವಾರು ಪಟ್ಟಿ ಎರಡೂ ಸೇರಿಸಿ ಡಿಸಿ, ಸಂಸದರು, ಬಿಎಸ್‌ಎನ್‌ಎಲ್‌ಗೆ ಕೊಡಿ, ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸಲ್ಲೂ ಹಾಕಿ ನೋಂದಣಿ ಸಂಖ್ಯೆ ಇಟ್ಕೊಳ್ಳಿ. ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಟಿಐ ಹಾಕಿ ಒಂದೇ ಪ್ರಶ್ನೆ ಕೇಳಿ: ನಮ್ಮ ಗ್ರಾಮ ಯಾವ ಪಟ್ಟಿಲಿದೆ, ಯಾವ ಸರ್ವೆ ಮೇಲೆ? 30 ದಿನದೊಳಗೆ ಉತ್ತರ ಕೊಡ್ಲೇಬೇಕು.