ನೇತಾಜಿ ಕಡತಗಳನ್ನು ಗುಮಾಸ್ತನ ಕಣ್ಣಲ್ಲಿ ಓದಿದ್ದು

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಹೆಚ್ಚು ಕಾಲ ಕೂತಿದ್ದು ರೆಕಾರ್ಡ್ ರೂಮಿನಲ್ಲಿ. ನಿವೃತ್ತಿಯಾದ ಮೇಲೂ ಕಡತ ಓದುತ್ತ ಕೂತೆ ಅಂದರೆ ಮನೆಯವರು ನಕ್ಕಿದ್ದರಲ್ಲಿ ತಪ್ಪಿಲ್ಲ ಬಿಡಿ. ಆದರೆ ಇವು ನೇತಾಜಿ ಕಡತಗಳು.

2016ರ ಜನವರಿ 23ರಂದು, ಸುಭಾಷ್ ಚಂದ್ರ ಬೋಸರ ಹುಟ್ಟುಹಬ್ಬದ ದಿನ, ಕೇಂದ್ರ ಸರ್ಕಾರ ಅವರ ಬಗ್ಗೆ ಗುಟ್ಟಾಗಿಟ್ಟಿದ್ದ 100 ಕಡತಗಳನ್ನು ಹೊರಗೆ ಬಿಟ್ಟಿತು. 15,000ಕ್ಕೂ ಜಾಸ್ತಿ ಪುಟ. ಆಮೇಲೆ ಕಂತು ಕಂತಾಗಿ ಬಂದು ಒಟ್ಟು 304 ಕಡತ ಆದವು. ಅದಕ್ಕೂ ಮುಂಚೆ, 2015ರ ಸೆಪ್ಟೆಂಬರ್ 18ರಂದು, ಪಶ್ಚಿಮ ಬಂಗಾಳ ಸರ್ಕಾರ ತನ್ನ ಹತ್ತಿರ ಇದ್ದ 64 ಕಡತಗಳನ್ನು ಬಿಡುಗಡೆ ಮಾಡಿತ್ತು. ಅವೇ 12,744 ಪುಟ. ಎಲ್ಲವನ್ನೂ ಓದಿದೆ ಅಂತ ನಾನು ಹೇಳಲಾರೆ. ಓದಿದೆ ಅಂತ ಹೇಳುವವರನ್ನೂ ನಂಬಲಾರೆ.

ಹಿನ್ನೆಲೆ ಬಹಳಷ್ಟು ಜನರಿಗೆ ಗೊತ್ತು. 1945ರ ಆಗಸ್ಟ್ 18ರಂದು ತೈವಾನಿನ ತೈಹೋಕುವಿನಲ್ಲಿ ವಿಮಾನ ಬಿದ್ದು ನೇತಾಜಿ ತೀರಿಕೊಂಡರು ಎಂದು ಜಪಾನ್ ಹೇಳಿತು. ನಮ್ಮ ಸರ್ಕಾರ ಮೂರು ಸಲ ತನಿಖೆ ಮಾಡಿಸಿತು: 1956ರಲ್ಲಿ ಶಾ ನವಾಜ್ ಸಮಿತಿ, 1970ರಲ್ಲಿ ಖೋಸ್ಲಾ ಆಯೋಗ, 1999ರಲ್ಲಿ ಮುಖರ್ಜಿ ಆಯೋಗ. ಮೊದಲಿನೆರಡು ಅಪಘಾತವನ್ನು ಒಪ್ಪಿದವು. ಮೂರನೆಯದು ಒಪ್ಪಲಿಲ್ಲ, ಆ ವರದಿಯನ್ನು ಸರ್ಕಾರ ಒಪ್ಪಲಿಲ್ಲ. ಯಾರು ಸರಿ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಹಾಳೆಗಳು.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಕಾದಂಬರಿ ಓದಿದಂತೆ ಓದಿದೆ. ಒಂದು ಪಿಡಿಎಫ್ ತೆರೆಯುವುದು, ರೋಚಕವಾದದ್ದು ಕಂಡರೆ ನಿಲ್ಲುವುದು, ಇಲ್ಲದಿದ್ದರೆ ಮುಂದಕ್ಕೆ ಓಡುವುದು. ಮೂರನೇ ದಿನ ಒಂದು ಪತ್ರ ಸಿಕ್ಕಿತು. ನೇತಾಜಿಯನ್ನು ಸಾಧು ವೇಷದಲ್ಲಿ ಕಣ್ಣಾರೆ ಕಂಡೆ ಎಂದು ಯಾರೋ ಬರೆದದ್ದು. ಅದೇ ಮಾತು ಇನ್ನೊಂದು ಕಡತದಲ್ಲೂ ಬಂತು. ಮತ್ತೊಂದರಲ್ಲೂ ಬಂತು. ಮೂರು ಕಡೆ ಸಾಕ್ಷಿ ಸಿಕ್ಕಿತು ಅಂತ ಖುಷಿಯಾಗಿ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದೆ. ರಾತ್ರಿ ಊಟಕ್ಕೆ ಕರೆದರೂ ಏಳಲಿಲ್ಲ.

ಎರಡು ದಿನ ಬಿಟ್ಟು ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಮೂರರಲ್ಲೂ ಎಡಗಡೆ ಒಂದೇ ಜಾಗದಲ್ಲಿ ಮಸಿಯ ಚುಕ್ಕೆ. ಪಂಚಿಂಗ್ ತೂತಿನ ನೆರಳೂ ಒಂದೇ. ಒಬ್ಬರು ಬರೆದ ಒಂದೇ ಅರ್ಜಿ, ನಕಲಾಗಿ ಮೂರು ಕಡೆ ಹೋಗಿ ಕೂತಿತ್ತು. ನನ್ನ ಮೂರು ಸಾಕ್ಷಿ ಒಂದಕ್ಕೆ ಇಳಿಯಿತು. ಅದೂ ಸಾಕ್ಷಿಯಲ್ಲ, ಅರ್ಜಿ. ರೆಕಾರ್ಡ್ ರೂಮಿನಲ್ಲಿ ಕೂದಲು ಬೆಳ್ಳಗಾದವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ನಾಚಿಕೆಯಾಯಿತು.

ಆಮೇಲೆ ಕೆಲಸದಲ್ಲಿದ್ದಾಗ ಮಾಡುತ್ತಿದ್ದಂತೆಯೇ ಮಾಡಿದೆ. ಹಾಳೆಯಲ್ಲಿ ಏನಿದೆ ಅನ್ನುವುದನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಅದು ಯಾರಿಂದ ಹೊರಟಿತು, ಯಾವತ್ತು ತಲುಪಿತು, ಯಾರ ಮೇಜಿಗೆ ಹೋಯಿತು, ಅಲ್ಲಿ ಯಾರು ಏನು ಶರಾ ಬರೆದರು, ಇಷ್ಟು.

ಸರ್ಕಾರಿ ಕಡತಕ್ಕೆ ಎರಡು ಭಾಗ. ಒಂದು ಟಿಪ್ಪಣಿ, ಇನ್ನೊಂದು ಪತ್ರ ವ್ಯವಹಾರ. ಹೊರಗಿಂದ ಬಂದ ಕಾಗದ, ಇಲ್ಲಿಂದ ಹೋದ ಉತ್ತರದ ಪ್ರತಿ ಎಲ್ಲ ಪತ್ರ ವ್ಯವಹಾರದಲ್ಲಿ. ಆ ಕಾಗದದ ಬಗ್ಗೆ ಒಳಗೊಳಗೆ ಅಧಿಕಾರಿಗಳು ಬರೆದುಕೊಂಡಿದ್ದು ಟಿಪ್ಪಣಿಯಲ್ಲಿ. ಎರಡಕ್ಕೂ ಬೇರೆ ಬೇರೆ ಪುಟಸಂಖ್ಯೆ. ಕೇಂದ್ರದ ಕಚೇರಿಗಳಲ್ಲಿ 12/ಎನ್ ಅಂತ ಬರೆದರೆ ಟಿಪ್ಪಣಿಯ 12ನೇ ಪುಟ, 34/ಸಿ ಅಂದರೆ ಪತ್ರ ವ್ಯವಹಾರದ 34ನೇ ಪುಟ. ಪಿಡಿಎಫ್‌ನ ಪುಟಸಂಖ್ಯೆ ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು. ಹೊಸಬರು ಎಡವುವುದು ಇಲ್ಲೇ.

ಪತ್ರಗಳನ್ನು ಮೊದಲು ಓದಿದರೆ ತಲೆ ಕೆಡುತ್ತದೆ. ಪ್ರತಿಯೊಂದೂ ದೊಡ್ಡ ವಿಷಯದ ಹಾಗೆ ಕಾಣುತ್ತದೆ. ಟಿಪ್ಪಣಿ ಮೊದಲು ಓದಬೇಕು. ಐದು ಪುಟದ ಆವೇಶದ ಪತ್ರಕ್ಕೆ ಕೆಳಗಿನ ಅಧಿಕಾರಿ ಒಂದೇ ಸಾಲು ಬರೆದಿರುತ್ತಾರೆ, ಹೊಸದೇನೂ ಇಲ್ಲ, ಕಡತಕ್ಕೆ ಸೇರಿಸಬಹುದು ಅಂತ. ಮೇಲಿನವರು ಒಂದು ಕಿರುಸಹಿ ಹಾಕಿ ತಾರೀಕು ಬರೆದಿರುತ್ತಾರೆ. ಅಲ್ಲಿಗೆ ಮುಗಿಯಿತು. ಇನ್ನೊಂದು ಕಡೆ ನಾಲ್ಕು ಸಾಲಿನ ಸಪ್ಪೆ ಕಾಗದಕ್ಕೆ ಎರಡು ಪುಟ ಟಿಪ್ಪಣಿ ಬೆಳೆದು, ಕಡತ ಮೂರು ಮೇಜು ಹತ್ತಿ ಇಳಿದಿರುತ್ತದೆ. ನಾನು ನಿಲ್ಲುವುದು ಅಲ್ಲಿ. ಕಚೇರಿಗೆ ಯಾವುದು ಬಿಸಿ ಮುಟ್ಟಿಸಿತು ಅಂತ ಟಿಪ್ಪಣಿ ಹೇಳುತ್ತದೆ. ಮೇಲೆ ಹೊಡೆದ 'ಪರಮ ಗುಪ್ತ' ಮೊಹರು ಅದನ್ನು ಹೇಳುವುದಿಲ್ಲ. ಆ ಮೊಹರಿನ ಕಡತದ ಒಳಗೆ ಪೇಪರ್ ಕಟಿಂಗ್ ನೋಡಿ ನಕ್ಕಿದ್ದೇನೆ. ಊರಿಗೆಲ್ಲ ಹಂಚಿದ ಸುದ್ದಿ ಕಡತದೊಳಗೆ ಹೋದ ಕೂಡಲೇ ಗುಪ್ತವಾಗಿಬಿಡುತ್ತದೆ.

ಸಂಸತ್ತಿನ ಪ್ರಶ್ನೆಗೆ ಉತ್ತರ ತಯಾರಿಸಿದ ಹಾಳೆಗಳು ಸಿಕ್ಕರೆ ಬಿಡಬೇಡಿ. ಸದನದಲ್ಲಿ ಓದುವ ಉತ್ತರ ಎರಡೇ ಸಾಲು, ಅದರಲ್ಲಿ ಏನೂ ಇರುವುದಿಲ್ಲ. ಅದರ ಹಿಂದೆ ಪೂರಕ ಪ್ರಶ್ನೆ ಬಂದರೆ ಇರಲಿ ಅಂತ ಮಂತ್ರಿಗೆ ಕೊಟ್ಟ ಟಿಪ್ಪಣಿ ಇರುತ್ತದೆ. ಏನು ಕೇಳಿದರೆ ಕಷ್ಟ ಅಂತ ಕಚೇರಿ ಹೆದರಿತ್ತೋ ಅದೆಲ್ಲ ಅಲ್ಲಿ. ನಾನೇ ಅಂಥವು ಎಷ್ಟು ಬರೆದಿದ್ದೇನೋ, ಅದಕ್ಕೇ ಗೊತ್ತು.

ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಕಡತದ ಹೆಸರು, ಪಿಡಿಎಫ್ ಪುಟ, ಹಾಳೆಯ ಮೇಲಿನ ಪುಟ, ಕಾಗದದ ತಾರೀಕು, ಸ್ವೀಕೃತಿ ಮೊಹರಿನ ತಾರೀಕು, ಯಾರಿಂದ, ಯಾರಿಗೆ, ಕಾಗದದ ಜಾತಿ. ಕೊನೆಗೆ 'ಇದರ ನಕಲು ಎಲ್ಲಿದೆ' ಅನ್ನುವ ಕಾಲಂ. ನಿಜವಾಗಿ ಕೆಲಸಕ್ಕೆ ಬಂದದ್ದು ಈ ಕೊನೆಯದು. ಹಾಳೆಯ ಸಾರಾಂಶಕ್ಕೆ ಅಂತ ಇನ್ನೊಂದು ಕಾಲಂ ಮಾಡಿದ್ದೆ, ಆಮೇಲೆ ಅಳಿಸಿ ಹಾಕಿದೆ. ಸಾರಾಂಶ ಬರೆಯಲು ಕೂತರೆ ನನ್ನ ಅಭಿಪ್ರಾಯ ಸೇರಿಬಿಡುತ್ತಿತ್ತು.

'ಇತರೆ' ಅಂತ ಮಾತ್ರ ಎಲ್ಲೂ ಬರೆಯಲಿಲ್ಲ. ನಮ್ಮ ಕಚೇರಿಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಕಡತ 'ಇತರೆ'ಯೇ. ಎಲ್ಲಿ ಹಾಕಬೇಕೋ ತಿಳಿಯದ್ದನ್ನೆಲ್ಲ ತುರುಕುವ ಜಾಗ. ಒಮ್ಮೆ ಅಲ್ಲಿ ಬಿದ್ದ ಕಾಗದ ಮತ್ತೆ ಮೇಲೆ ಬರುವುದಿಲ್ಲ. ಗೊತ್ತಾಗದಿದ್ದರೆ ಆ ಕಾಲಂ ಖಾಲಿ ಬಿಟ್ಟೆ. ಖಾಲಿ ಜಾಗ ಕಣ್ಣು ಚುಚ್ಚುತ್ತದೆ, ಮತ್ತೆ ಹೋಗಿ ನೋಡುತ್ತೇನೆ.

ಹುಡುಕುವುದು ಇನ್ನೊಂದು ಗೋಳು. ಸ್ಕ್ಯಾನ್ ಆದ ಹಾಳೆ ಬರೀ ಚಿತ್ರ. ಮಾಸಿದ ಟೈಪ್, ಕಾರ್ಬನ್ ಪ್ರತಿ, ಕೈಬರಹ. ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಅರ್ಧ ಸರಿ, ಅರ್ಧ ಕನಸು. ಸರಿಯಾಗಿ ಗುರುತಿಸಿದರೂ ಹೆಸರುಗಳು ಕೈಕೊಡುತ್ತವೆ. ಒಂದರಲ್ಲಿ ಸುಭಾಸ್, ಇನ್ನೊಂದರಲ್ಲಿ ಸುಭಾಷ್, ಮತ್ತೊಂದರಲ್ಲಿ ಎಸ್.ಸಿ. ಬೋಸ್. ಜಪಾನಿನವರ ಬಾಯಲ್ಲಿ ಬರೀ ಚಂದ್ರ ಬೋಸ್. ತೈಹೋಕು ಅಂದರೆ ಈಗಿನ ತೈಪೆ. ಫಾರ್ಮೋಸಾ ಅಂದರೆ ತೈವಾನ್. ವಿಮಾನ ಹಿಂದಿನ ರಾತ್ರಿ ತಂಗಿದ ಟೂರೇನ್ ಇವತ್ತಿನ ಡಾ ನಾಂಗ್. ನಾನು ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ ಜೋಡಿ ಹೆಸರು ಬರೆಯುತ್ತ ಹೋದೆ.

ಆ ಹಾಳೆಯಲ್ಲಿ ಒಂದು ಹೆಸರು ಇವತ್ತಿಗೂ ನನಗೆ ಪಾಠದಂತಿದೆ: ಇಚಿರೋ ಒಕುರಾ. ನೇತಾಜಿಯ ಸಾವಿಗೆ ಆಧಾರ ಎಂದು ಹೇಳಲಾಗಿದ್ದ ತೈಹೋಕುವಿನ ದಾಖಲೆಗಳು ಈ ಹೆಸರಿನ ಜಪಾನಿ ಸೈನಿಕನವು ಎಂದು ಮುಖರ್ಜಿ ಆಯೋಗ ಹೇಳಿತು. ಗುಟ್ಟು ಕಾಯಲು ಬೇರೆ ಹೆಸರು ಬರೆಸಿದರು ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ವಿಷಯ ಇಷ್ಟೇ. ಬೋಸ್ ಅಂತ ಹುಡುಕಿಕೊಂಡು ಹೋದವನಿಗೆ ಈ ಕಾಗದ ಸಿಗುವುದೇ ಇಲ್ಲ.

ತಾರೀಕಿನದ್ದೂ ಇದೇ ಕಥೆ. ಅಪಘಾತ ಆಗಸ್ಟ್ 18. ಜಪಾನ್ ಅದನ್ನು ಹೊರಗೆ ಹೇಳಿದ್ದು 23ಕ್ಕೆ. ಇವೆರಡರ ನಡುವಿನ ತಾರೀಕು ಹೊತ್ತ ಕಾಗದವನ್ನೂ ಆಮೇಲಿನ ಕಾಗದವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸುದ್ದಿ ಗೊತ್ತಿದ್ದು ಬರೆದದ್ದೋ, ಗೊತ್ತಿಲ್ಲದೆ ಬರೆದದ್ದೋ ಎಂದು ಮೊದಲು ನೋಡಬೇಕು.

ಈಗ ಆ 'ನೆಹರೂ ಪತ್ರ'ದ ವಿಷಯಕ್ಕೆ ಬರುತ್ತೇನೆ. 2016ರ ಜನವರಿಯಲ್ಲಿ ಕಡತ ಬಿಡುಗಡೆಯಾದ ಬೆನ್ನಿಗೇ ಒಂದು ಹಾಳೆ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನೆಹರೂ ಬ್ರಿಟನ್ ಪ್ರಧಾನಿ ಆಟ್ಲಿಗೆ ಬರೆದರಂತೆ, ನಿಮ್ಮ ಯುದ್ಧಾಪರಾಧಿ ಬೋಸ್‌ಗೆ ಸ್ಟಾಲಿನ್ ರಷ್ಯಾದೊಳಗೆ ಬರಲು ಬಿಟ್ಟಿದ್ದಾರೆ ಅಂತ. ನನ್ನ ಹೆಂಡತಿಯ ತಮ್ಮ ಕಳಿಸಿದ್ದಲ್ಲದೆ ಫೋನನ್ನೂ ಮಾಡಿದ.

"ನೋಡಿದ್ರಾ ಭಾವ, ಸಿಕ್ಕಿಬಿತ್ತು!"

"ಸಹಿ ಎಲ್ಲಿದೆಯಪ್ಪಾ?" ಅಂದೆ.

"ಸಹಿ ಇಲ್ಲ. ಟೈಪ್ ಮಾಡಿದ್ದು."

"ಯಾವ ಕಡತದ ಎಷ್ಟನೇ ಪುಟ?"

"ಅದೆಲ್ಲ ಯಾರಿಗೆ ಬೇಕು ಭಾವ?"

ನನಗೆ ಬೇಕಿತ್ತು. ಹಾಳೆಯ ಹಿಂದು ಮುಂದು ನೋಡಿದೆ. ಅದು 1945ರಲ್ಲಿ ದೆಹಲಿಯಿಂದ ಲಂಡನ್ನಿಗೆ ಹೋದ ಕಾಗದವಲ್ಲ. ಖೋಸ್ಲಾ ಆಯೋಗದ ಮುಂದೆ ಒಬ್ಬ ಸ್ಟೆನೋ ಸಾಕ್ಷಿ ಹೇಳಿದ್ದರು. ಕಾಂಗ್ರೆಸ್ ನಾಯಕ ಅಸಫ್ ಅಲಿಯವರ ಮನೆಯಲ್ಲಿ ನೆಹರೂ ಕೊಟ್ಟ ಇಂಥದ್ದೊಂದು ಪತ್ರವನ್ನು ತಾನು ಟೈಪ್ ಮಾಡಿದ್ದೆ ಅಂತ. ಆ ಹೇಳಿಕೆಯ ಮಾತೇ ಪತ್ರದ ರೂಪದಲ್ಲಿ ಓಡಾಡುತ್ತಿತ್ತು. ಅಂದರೆ ಕಾಲು ಶತಮಾನದ ನಂತರ ಒಬ್ಬರು ನೆನಪಿನಿಂದ ಹೇಳಿದ ಮಾತು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ನಿಜ ಅಂತಲೂ ಅಲ್ಲ. ನನ್ನ ಪಟ್ಟಿಯಲ್ಲಿ ಕಾಗದದ ಜಾತಿ ಅನ್ನುವ ಕಾಲಂನಲ್ಲಿ 'ಪತ್ರ' ಅಂತ ಬರೆಯಲು ಕೈ ಬರಲಿಲ್ಲ. 'ಸಾಕ್ಷಿ ಹೇಳಿಕೆ' ಅಂತ ಬರೆದೆ. ತಾರೀಕಿನ ಕಾಲಂನಲ್ಲಿ 1945 ಬರೆಯದೆ ಆಯೋಗದ ಕಾಲ ಹಾಕಿದೆ. ಆ ಎರಡು ಮನೆ ತುಂಬಿಸಿದ ಮೇಲೆ ಹಾಳೆಯ ಸದ್ದು ತಾನೇ ಅಡಗಿತು. ಭಾವಮೈದ ಒಂದು ವಾರ ಮಾತಾಡಿಸಲಿಲ್ಲ.

ಕಾಣೆಯಾದ ಪುಟಗಳದ್ದೂ ಒಂದು ಮಾತು. ಒಂದು ಕಡತದಲ್ಲಿ 46/ಸಿ ಆದ ಮೇಲೆ 48/ಸಿ ಬಂತು. ಎದೆ ಧಸಕ್ಕೆಂದಿತು. ಮುಚ್ಚಿಟ್ಟಿದ್ದಾರೆ ಅಂತ ಮೊದಲು ಅನ್ನಿಸುವುದು ಸಹಜ. ಆದರೆ ಪುಟಕ್ಕೆ ನಂಬರ್ ಹಾಕುವಾಗ ನಿದ್ದೆಗಣ್ಣಲ್ಲಿ ಒಂದನ್ನು ಹಾರಿಸಿದ ಗುಮಾಸ್ತರನ್ನೂ ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ. ಟಿಪ್ಪಣಿಗೆ ಹೋಗಿ ನೋಡಿದರೆ 47/ಸಿ ಪುಟವನ್ನು ನೋಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗಾದರೆ ಕಾಗದ ಇತ್ತು.

ಸರ್ಕಾರಿ ಪತ್ರ ಒಂಟಿಯಾಗಿ ಹೋಗುವುದು ಕಡಿಮೆ. ಕೆಳಗೆ ಪ್ರತಿ ಯಾರಿಗೆ ಅಂತ ಬರೆದಿರುತ್ತದೆ. ಪ್ರಧಾನಿ ಕಚೇರಿಯ ಕಡತದಲ್ಲಿ ಇಲ್ಲದ್ದು ವಿದೇಶಾಂಗ ಇಲಾಖೆಯ ಕಡತದಲ್ಲಿ ಇರಬಹುದು. ಟಿಪ್ಪಣಿಯ ತಾರೀಕು ಹಿಡಿದುಕೊಂಡು, ಅದರ ಹಿಂದಿನ ಎರಡು ವಾರದ ಕಾಗದಗಳನ್ನು ಇನ್ನೊಂದು ಇಲಾಖೆಯ ಕಡತಗಳಲ್ಲಿ ಒಂದೊಂದಾಗಿ ನೋಡುತ್ತ ಹೋದೆ. ಹನ್ನೊಂದು ದಿನ ಬೇಕಾಯಿತು. ಕೊನೆಗೆ ಸಿಕ್ಕಿತು. ತೆಳ್ಳನೆಯ ಕಾರ್ಬನ್ ಪ್ರತಿ, ಅಂಚು ಸುಕ್ಕಾಗಿದೆ, ಕೆಳಗೆ ಕಿರುಸಹಿ.

ಹೆಂಡತಿಯನ್ನೂ ಕರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ನಿಮ್ಮ ಪತ್ರ ತಲುಪಿದೆ, ವಿಷಯ ಪರಿಶೀಲನೆಯಲ್ಲಿದೆ.

"ಇದಕ್ಕಾ ಹನ್ನೊಂದು ದಿನ?" ಅಂದಳು.

47/ಸಿ ಎದುರು ಖಾಲಿ ಇದ್ದ ಮನೆಯಲ್ಲಿ ನಕಲು ಎಲ್ಲಿದೆ ಅಂತ ಬರೆದು, ಫೈಲ್ ಸೇವ್ ಮಾಡಿ, ಊಟಕ್ಕೆ ಎದ್ದೆ.