ಕಿಂಡರ್ ಸ್ಕೌಟ್‌ಗೆ ಹೊರಟಿದ್ದೀರಾ? ಅಂಚು ಬಿಡಬೇಡಿ

ಮ್ಯಾಂಚೆಸ್ಟರ್‌ಗೋ ಶೆಫೀಲ್ಡ್‌ಗೋ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ಸ್ವಲ್ಪ ಬಿಸಿಲು ಕಂಡ ಕೂಡಲೇ ಕೇಳುತ್ತಾರೆ: ಹತ್ತಿರದಲ್ಲಿ ಟ್ರೆಕ್ಕಿಂಗ್‌ಗೆ ಯಾವುದಿದೆ ಅಕ್ಕಾ? ನಾನು ಹೇಳುವುದು ಕಿಂಡರ್ ಸ್ಕೌಟ್. ಈ ಎರಡು ಊರುಗಳ ನಡುವಿನ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಕಾರು ಬೇಕಿಲ್ಲ, ಗುಡ್ಡದ ಬುಡದಲ್ಲಿರುವ ಈಡೇಲ್ ಹಳ್ಳಿಗೆ ಎರಡೂ ಊರಿನಿಂದ ರೈಲಿದೆ. ಎಷ್ಟು ಎತ್ತರ ಅಂತ ಮುಂದಿನ ಪ್ರಶ್ನೆ. 636 ಮೀಟರ್ ಅಂದರೆ ನಗುತ್ತಾರೆ. 1,894 ಮೀಟರಿನ ಕುದುರೆಮುಖ ಹತ್ತಿ ಬಂದವರಿಗೆ ಇದೇನು ಲೆಕ್ಕ, ಅಲ್ವಾ?

ನಾನೂ ಕಳಸದ ಕಡೆಯವಳೇ. ಗುಡ್ಡ ಅಂದರೆ ಅದಕ್ಕೊಂದು ನೆತ್ತಿ ಇರಬೇಕು, ಅಲ್ಲಿ ನಿಂತರೆ ಸುತ್ತ ಕಾಣಬೇಕು ಅಂತಲೇ ಬೆಳೆದವಳು. ಕಿಂಡರ್‌ಗೆ ಆ ಥರದ ನೆತ್ತಿಯೇ ಇಲ್ಲ. ಏದುಸಿರು ಬಿಟ್ಟು ಮೇಲೆ ಹೋದರೆ ಕಿಲೋಮೀಟರ್‌ಗಟ್ಟಲೆ ಮಟ್ಟಸವಾದ ಬಯಲು. 636 ಮೀಟರಿನ ಜಾಗ ಆ ಬಯಲಿನ ಒಳಗೆಲ್ಲೋ ಇರುವ ಒಂದು ಸಣ್ಣ ದಿಬ್ಬ. ಅಲ್ಲಿಂದ ಕಾಣುವುದು ಇನ್ನಷ್ಟು ಬಯಲು ಮಾತ್ರ. ನೋಟ, ಬಂಡೆ, ಒಳ್ಳೆಯ ಕಾಲುದಾರಿ ಎಲ್ಲಾ ಇರುವುದು ಅಂಚಿನಲ್ಲಿ. ಅದಕ್ಕೇ ಹೇಳುವುದು: ಮಧ್ಯಕ್ಕೆ ಹೋಗಬೇಡಿ, ಅಂಚು ಹಿಡಿದು ನಡೆಯಿರಿ.

ಮಧ್ಯದಲ್ಲಿ ಏನಿದೆ ಅಂತ ಕೇಳಿದರೆ, ಪೀಟ್. ಸಾವಿರಾರು ವರ್ಷ ನೀರಲ್ಲಿ ನೆನೆದ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಮಣ್ಣು ಅದು. ಕೈಯಲ್ಲಿ ಹಿಡಿದರೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಪ್ಪಗೆ, ಒದ್ದೆಯಾಗಿ, ಹಗುರವಾಗಿ ಇರುತ್ತದೆ. ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಇಳಿಯುತ್ತದೆ. ಈ ಪೀಟನ್ನು ಮಳೆನೀರು ಕೊರೆದು ಆಳೆತ್ತರದ ಕೊರಕಲು ಮಾಡಿದೆ. ಒಂದರೊಳಗೆ ಇಳಿದರೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಹತ್ತಿ ಬಂದರೆ ಮುಂದೆ ಇನ್ನೊಂದು. ಐದಾರು ಸಲ ಹತ್ತಿ ಇಳಿಯುವಷ್ಟರಲ್ಲಿ ಯಾವ ಕಡೆಗೆ ಹೊರಟಿದ್ದೆವು ಅನ್ನುವುದೇ ಮರೆತುಹೋಗುತ್ತದೆ. 2000ನೇ ಇಸವಿಯ ಕಾಯ್ದೆ ಪ್ರಕಾರ ಇಂಥ ತೆರೆದ ಗುಡ್ಡದಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕು ನಿಮಗಿದೆ. ಹಕ್ಕಿದೆ ಅಂತ ಸುಮ್ನೆ ಮಧ್ಯಕ್ಕೆ ನುಗ್ಗಬೇಡಿ.

ಈಗ ದಾರಿ. ಈಡೇಲ್ ಸ್ಟೇಷನ್‌ನಲ್ಲಿ ಇಳಿದು ಊರೊಳಗಿನ ರಸ್ತೆ ಹಿಡಿದು ಓಲ್ಡ್ ನ್ಯಾಗ್ಸ್ ಹೆಡ್ ಪಬ್‌ವರೆಗೆ ಹೋಗಿ. ಇಲ್ಲಿಂದಲೇ ಪೆನೈನ್ ವೇ ಶುರುವಾಗುತ್ತದೆ. ಸ್ಕಾಟ್‌ಲ್ಯಾಂಡ್‌ವರೆಗೆ 268 ಮೈಲಿ ಹೋಗುವ, 1965ರಲ್ಲಿ ತೆರೆದ ಕಾಲುದಾರಿ. ನಮಗೆ ಬೇಕಿರುವುದು ಅದರ ಮೊದಲ ತುಣುಕು ಮಾತ್ರ. ಹೊಲಗಳ ನಡುವೆ ಅಪ್ಪರ್ ಬೂತ್‌ಗೆ ಹೋಗಿ. ಗೇಟು ತೆರೆದರೆ ಹಾಕಿಕೊಂಡೇ ಹೋಗಬೇಕು, ಕುರಿಗಳಿರುತ್ತವೆ. ಮುಂದೆ ಒಂದು ಪುಟ್ಟ ಕಲ್ಲಿನ ಸೇತುವೆ. ಹಿಂದೆ ಹೇರು ಹೊತ್ತ ಕುದುರೆಗಳು ದಾಟುತ್ತಿದ್ದ ಸೇತುವೆ ಅದು. ದಾಟಿದ ಕೂಡಲೇ ಜೇಕಬ್ಸ್ ಲ್ಯಾಡರ್ ಅನ್ನುವ ಕಲ್ಲು ಮೆಟ್ಟಿಲು. ಇಡೀ ದಿನದಲ್ಲಿ ನಿಜವಾಗಿ ಉಸಿರು ಕಟ್ಟುವುದು ಇಲ್ಲಿ ಮಾತ್ರ. ನಿಧಾನ ಹತ್ತಿ.

ಹತ್ತಿದ ಮೇಲೆ ಬಲಕ್ಕೆ ತಿರುಗಿ, ಈಡೇಲ್ ರಾಕ್ಸ್ ಪಕ್ಕದಲ್ಲಿ ಹಾದು ಕಿಂಡರ್ ಲೋ. ಅಲ್ಲಿ ಬಂಡೆಯ ಮೇಲೆ ಸರ್ವೆಯವರ ಕಂಬ ಇದೆ, 633 ಮೀಟರ್. ಫೋಟೋ ಬೇಕಿದ್ದರೆ ಇಲ್ಲೇ ತೆಗೆಸಿಕೊಳ್ಳಿ, ಇನ್ನು ಮೂರು ಮೀಟರ್‌ಗಾಗಿ ಪೀಟ್‌ನಲ್ಲಿ ಒದ್ದಾಡುವುದು ಬೇಡ. ಬಾನು ತಿಳಿಯಾಗಿದ್ದರೆ ಪಶ್ಚಿಮಕ್ಕೆ ಮ್ಯಾಂಚೆಸ್ಟರ್‌ನ ಎತ್ತರದ ಕಟ್ಟಡಗಳು ಕಾಣುತ್ತವೆ.

ಇಲ್ಲಿ ಎರಡು ಆಯ್ಕೆ. ಕಾಲಲ್ಲಿ ಕಸುವಿದ್ದರೆ ಪಶ್ಚಿಮದ ಅಂಚು ಹಿಡಿದು ಕಿಂಡರ್ ಡೌನ್‌ಫಾಲ್‌ಗೆ ಹೋಗಿ ಬನ್ನಿ. ಸುಮಾರು 30 ಮೀಟರಿನ ಜಲಪಾತ. ಜೋಗ ನೋಡಿದ ಕಣ್ಣಿಗೆ ಏನೂ ಅಲ್ಲ, ಬೇಸಿಗೆಯಲ್ಲಂತೂ ಬರೀ ತೊಟ್ಟಿಕ್ಕುತ್ತದೆ. ಆದರೆ ಮಳೆ ಬಂದ ಮಾರನೆಯ ದಿನ, ಪಶ್ಚಿಮದ ಗಾಳಿ ಜೋರಾಗಿದ್ದರೆ, ಬೀಳುವ ನೀರನ್ನು ಗಾಳಿ ಹಿಡಿದು ಮೇಲಕ್ಕೇ ಎಸೆಯುತ್ತದೆ. ಅಂಚಿನಲ್ಲಿ ನಿಂತವರಿಗೆ ಕೆಳಗಿನಿಂದ ಮಳೆ!

ಬೇಡ ಅಂದರೆ ಈಡೇಲ್ ರಾಕ್ಸ್‌ಗೆ ಹಿಂದಿರುಗಿ ಪೂರ್ವಕ್ಕೆ, ದಕ್ಷಿಣದ ಅಂಚಿನ ಮೇಲೆ. ನನ್ನ ಇಷ್ಟದ ಭಾಗ ಇದು. ನೋ ಸ್ಟೂಲ್, ಪಿಮ್ ಚೇರ್, ಆಮೇಲೆ ವುಲ್ ಪ್ಯಾಕ್ಸ್. ಗಾಳಿ, ಮಳೆ ತೀಡಿ ತೀಡಿ ದುಂಡಗೆ ಮಾಡಿದ ಮರಳುಗಲ್ಲಿನ ಬಂಡೆಗಳ ಒಂದು ದೊಡ್ಡ ಜಾತ್ರೆ. ಊಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಯಾವ ಕಡೆ ಗಾಳಿ ಬಂದರೂ ಇನ್ನೊಂದು ಕಡೆ ಮರೆ ಇರುತ್ತದೆ. ಪುಳಿಯೋಗರೆ ತರಬೇಡಿ ಅನ್ನುತ್ತೇನೆ. ಮರಗಟ್ಟಿದ ಬೆರಳಲ್ಲಿ ಡಬ್ಬಿ ತೆರೆಯುವುದೇ ಒಂದು ಸಾಹಸ. ಚಟ್ನಿಪುಡಿ, ತುಪ್ಪ ಹಚ್ಚಿ ಸುತ್ತಿದ ಚಪಾತಿ, ಫ್ಲಾಸ್ಕ್‌ನಲ್ಲಿ ಕಾಫಿ ಸಾಕು.

ಈ ಅಂಚಿನ ಮೇಲೆ ಪೂರ್ವಕ್ಕೆ ನಡೆಯುವಾಗ ಕಣಿವೆ ಸದಾ ಬಲಗೈ ಕಡೆಗಿರುತ್ತದೆ. ಅದನ್ನೊಂದು ನೆನಪಿಡಿ. ಕ್ರೌಡನ್ ಟವರ್ ಬಂಡೆ ದಾಟಿ, ತೊರೆಯ ತಲೆಯನ್ನು ಹಾದು, ಗ್ರಿಂಡ್ಸ್ಲೋ ನೋಲ್‌ಗೆ ಬನ್ನಿ. 601 ಮೀಟರ್. ನನ್ನ ಲೆಕ್ಕದಲ್ಲಿ ಇಡೀ ಕಿಂಡರ್‌ನ ಅತಿ ಒಳ್ಳೆಯ ನೋಟ ಇಲ್ಲಿಂದಲೇ. ಕಾಲಡಿಗೆ ಈಡೇಲ್, ಎದುರಿಗೆ ಮ್ಯಾಮ್ ಟಾರ್‌ನಿಂದ ಲೂಸ್ ಹಿಲ್‌ವರೆಗಿನ ಇಡೀ ಸಾಲು. ನಡುವೆ ನೀವು ಹತ್ತಬೇಕಾದ ರೈಲು ಸಣ್ಣಗೆ ಹೋಗುತ್ತಿರುತ್ತದೆ. ಇಲ್ಲಿಂದ ಹುಲ್ಲಿನ ಇಳಿಜಾರು ನೇರ ಊರಿಗೆ. ಮಂಡಿ ನೋವಿದ್ದವರಿಗೆ ಕೋಲು ಇರಲಿ.

ಡೌನ್‌ಫಾಲ್ ಬಿಟ್ಟು ಒಟ್ಟು ಸುಮಾರು 13 ಕಿಲೋಮೀಟರ್. ಗಂಟೆಗೆ 5 ಕಿಲೋಮೀಟರ್, ಹತ್ತುವ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ ಅಂತ 1892ರಲ್ಲಿ ನೇಯ್ಸ್ಮಿತ್ ಅನ್ನುವ ಸ್ಕಾಟಿಷ್ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟ. ಅದರ ಪ್ರಕಾರ ಮೂರೂವರೆ ಗಂಟೆ ಸಾಕು. ಅವನು ಚಪಾತಿ ತಿನ್ನಲು ಕೂರುತ್ತಿರಲಿಲ್ಲ ಅಂತ ಕಾಣುತ್ತೆ. ನೀವು ಐದಾರು ಗಂಟೆ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆಗ ಬೆಳಗಿನ ಮೊದಲ ರೈಲುಗಳಲ್ಲೇ ಬರಬೇಕು.

ಹೊಸಬರಲ್ಲಿ ಜಾಸ್ತಿ ಜನ ಜೀನ್ಸ್ ಹಾಕಿಕೊಂಡೇ ಬರುತ್ತಾರೆ. ದಯವಿಟ್ಟು ಬೇಡ. ಒದ್ದೆ ಜೀನ್ಸ್ ಒಣಗುವುದಿಲ್ಲ, ಅದರ ಮೇಲೆ ಗಾಳಿ ಬೀಸಿದರೆ ಮೈಯ ಕಾವೆಲ್ಲ ಹೋಗುತ್ತದೆ. ಬೇಗ ಒಣಗುವ ಪ್ಯಾಂಟು, ಹಿಡಿತ ಇರುವ ಬೂಟು, ಮಳೆ ಜಾಕೆಟ್, ಟೋಪಿ, ಒಂದು ಜೊತೆ ಹೆಚ್ಚಿನ ಸಾಕ್ಸ್. ಜುಲೈ ಆದರೂ ಅಷ್ಟೇ. ಮೊಬೈಲ್ ಸಿಗ್ನಲ್ ನಂಬಬೇಡಿ. ಆರ್ಡನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಓಎಲ್1 ನಕ್ಷೆ ಮತ್ತು ದಿಕ್ಸೂಚಿ ಚೀಲದಲ್ಲಿರಲಿ.

ದಿಕ್ಸೂಚಿ ಯಾಕೆ ಅಂದರೆ, ಮಂಜು. ಇಳಿದರೆ ಹತ್ತು ಹೆಜ್ಜೆ ಆಚೆಯ ಬಂಡೆ ಮಾಯ. ಆಗ ಮೊದಲು ನಿಂತುಕೊಳ್ಳಿ. ಅಂಚು ಎಲ್ಲಿ ಅಂತ ಗೊತ್ತಿದ್ದರೆ ದಾರಿ ಸಿಕ್ಕ ಹಾಗೇ. ದಕ್ಷಿಣದ ಅಂಚಿನಲ್ಲಿ ನಡೆಯುವಾಗ ಗೊತ್ತಾಗದೆ ಬಯಲಿನ ಒಳಗೆ ಸರಿದಿದ್ದರೆ ದಿಕ್ಸೂಚಿ ನೋಡಿಕೊಂಡು ದಕ್ಷಿಣಕ್ಕೆ ನಡೆಯಿರಿ, ಅಂಚಿನ ಕಾಲುದಾರಿ ಅಡ್ಡ ಸಿಗುತ್ತದೆ. ಸಿಕ್ಕ ಮೇಲೆ ನೇರ ಕೆಳಗೆ ಇಳಿಯಲು ಹೋಗಬೇಡಿ, ಬಂಡೆಗಳಿವೆ. ದಾರಿಯಲ್ಲೇ ಮುಂದುವರಿಯಿರಿ. ಯಾರಿಗಾದರೂ ಪೆಟ್ಟಾದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ಬರುವವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಫೋನ್ ಸಿಗದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಯಾವಾಗ ಹೋಗಬೇಕು? ಆಗಸ್ಟ್‌ನಲ್ಲಿ ಹೀದರ್ ಹೂ ಬಿಟ್ಟು ಇಳಿಜಾರೆಲ್ಲ ನೇರಳೆ. ಚಳಿಗಾಲದಲ್ಲಿ ಬೆಟ್ಟದ ಮೊಲಗಳು ಬೆಳ್ಳಗಾಗುತ್ತವೆ. ಹಿಮ ಬೀಳದ ವರ್ಷ ಪಾಪ, ಕಪ್ಪು ಪೀಟ್ ಮೇಲೆ ಮೈಲಿ ದೂರಕ್ಕೂ ಕಾಣುತ್ತವೆ. ಮಾರ್ಚ್‌ನಿಂದ ಜುಲೈವರೆಗೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ, ನಾಯಿ ಇದ್ದರೆ ಹಗ್ಗ ಬಿಚ್ಚುವಂತಿಲ್ಲ. ಬಾರ್ಬೆಕ್ಯೂ ಯಾವ ಕಾಲದಲ್ಲೂ ಬೇಡ. ಒಣಗಿದ ಪೀಟ್‌ಗೆ ಬೆಂಕಿ ಬಿದ್ದರೆ ನೆಲದೊಳಗೇ ಉರಿಯುತ್ತದೆ.

ನಡೆಯುವಾಗ ಇನ್ನೊಂದು ನೆನಪಿರಲಿ. ಒಂದು ಕಾಲದಲ್ಲಿ ಇಲ್ಲಿ ಕಾಲಿಡುವಂತಿರಲಿಲ್ಲ. ಶ್ರೀಮಂತರು ಗ್ರೌಸ್ ಹಕ್ಕಿ ಬೇಟೆಗೆಂದು ಇಟ್ಟುಕೊಂಡ ಗುಡ್ಡ. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕರು ಆಚೆ ಕಡೆಯ ಹೇಫೀಲ್ಡ್‌ನಿಂದ ಬೇಕೆಂದೇ ನುಗ್ಗಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಐದು ಜನ ಜೈಲಿಗೆ ಹೋದರು. ಶೆಫೀಲ್ಡ್‌ನ ಒಂದು ಗುಂಪು ಅವತ್ತು ಈ ಈಡೇಲ್ ಕಡೆಯಿಂದಲೇ ಹತ್ತಿತ್ತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಕಿಂಡರ್ ಬೇಡ, ಎದುರಿನ ಸಾಲು ಸಾಕು. ಕಾರಿದ್ದರೆ ಮ್ಯಾಮ್ ನಿಕ್ ಪಾರ್ಕಿಂಗ್‌ವರೆಗೆ ಹೋಗಿ, ಅಲ್ಲಿಂದ ಮೆಟ್ಟಿಲು, ಹಾಸುಗಲ್ಲು. 517 ಮೀಟರಿನ ಮ್ಯಾಮ್ ಟಾರ್ ನೆತ್ತಿಗೆ ಆರಾಮಾಗಿ ಹೋದರೂ ಅರ್ಧ ಗಂಟೆ ಸಾಕು. ನಮ್ಮತ್ತೆ ಸೀರೆ ಮೇಲೆ ನನ್ನ ಮಳೆ ಜಾಕೆಟ್ ಹಾಕಿಕೊಂಡು ಹತ್ತಿ, "ಇಷ್ಟೇನೇ ನಿಮ್ಮ ಬೆಟ್ಟ?" ಅಂದಿದ್ದರು. ರೈಲಿನಲ್ಲಿ ಬಂದವರು ಈಡೇಲ್‌ನಿಂದ ಹಾಲಿನ್ಸ್ ಕ್ರಾಸ್‌ಗೆ ಹತ್ತಿ, ಸಾಲಿನ ಮೇಲೆ ಪೂರ್ವಕ್ಕೆ ಲೂಸ್ ಹಿಲ್‌ವರೆಗೆ ನಡೆದು, ಹೋಪ್ ಸ್ಟೇಷನ್‌ಗೆ ಇಳಿಯಬಹುದು. ಈಡೇಲ್‌ಗೆ ವಾಪಸ್ ಬರುವ ಕಷ್ಟ ಇಲ್ಲ, ಎರಡೂ ಒಂದೇ ಲೈನ್. ಶೆಫೀಲ್ಡ್‌ನವರು ಈಡೇಲ್‌ಗೆ ರಿಟರ್ನ್ ತೆಗೆದುಕೊಳ್ಳಿ, ಹೋಪ್ ದಾರಿಯಲ್ಲೇ ಬರುತ್ತದೆ. ಮ್ಯಾಂಚೆಸ್ಟರ್‌ನವರಿಗೆ ಹೋಪ್ ಒಂದು ಸ್ಟೇಷನ್ ಮುಂದಿದೆ, ಅಲ್ಲಿವರೆಗೇ ಟಿಕೆಟ್ ಮಾಡಿಸಿ.