ಮಿಡಿ ಕೊಯ್ಯುವ ಮೊದಲೇ ದುಡ್ಡು: ವಾಟ್ಸಾಪ್‌ನಲ್ಲಿ ಅಪ್ಪೆಮಿಡಿ ಮಾರಿದ ನನ್ನ ಅನುಭವ

ಅಪ್ಪೆಮಿಡಿಯ, ಅಂದರೆ ನಮ್ಮ ಮಲೆನಾಡಿನ ಪರಿಮಳದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿಗೆ ಯಾರೂ ಮುಂಗಡ ಕೊಡುವುದಿಲ್ಲ ಎಂದು ನನಗೆ ಹೇಳದೇ ಬಿಟ್ಟವರು ಕಡಿಮೆ. ಸಂಘದ ಅಕ್ಕಂದಿರು ಹೇಳಿದರು, ಪೇಟೆಯಲ್ಲಿ ವರ್ಷಾನುಗಟ್ಟಲೆ ಉಪ್ಪಿನಕಾಯಿ ಮಾರಿದವರು ಹೇಳಿದರು. ಭಾವನಂತೂ ನಗಾಡಿಬಿಟ್ಟರು: "ಅಡಿಕೆಗೇ ಮುಂಗಡ ಕೊಡಲೆ ಹಿಂದೆಮುಂದೆ ನೋಡ್ತ, ನಿನ್ನ ಮಿಡಿಗೆ ಯಾರೇ ಕೊಡ್ತ ತಂಗಿ?"

ಈಗ ಸಂಕ್ರಾಂತಿ ಕಳೆದು ಎರಡು ವಾರದೊಳಗೆ ನನ್ನ ಖಾತೆಗೆ ಲಕ್ಷದ ಮೇಲೆ ಬಂದು ಬೀಳುತ್ತದೆ. ಆಗ ಮರದಲ್ಲಿ ಇರುವುದು ಹೂವು ಮಾತ್ರ. ಹೇಗೆ ಮಾಡಿದೆ ಎಂದು ಫೋನ್ ಮಾಡಿ ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ. ಉಪ್ಪಿನಕಾಯಿ ಹಾಕುವ ವಿಧಾನ ಬರೆಯುವುದಿಲ್ಲ, ಇದನ್ನು ಓದುವವರಿಗೆ ಅದು ನನಗಿಂತ ಚೆನ್ನಾಗಿಯೇ ಗೊತ್ತು. ಮಾರಾಟ, ದುಡ್ಡು, ಪಾರ್ಸೆಲ್ಲು ಇಷ್ಟೇ ಇಲ್ಲಿನ ವಿಷಯ.

ನಮ್ಮದು ಉತ್ತರ ಕನ್ನಡದ ಸಿದ್ದಾಪುರದ ಕಡೆಯ ಹಳ್ಳಿ. ಮಿಡಿ ಬರುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ. ಮರದ ಯಜಮಾನರಿಗೆ, ಕೊಯ್ಯುವವರಿಗೆ ಅಂದಂದೇ ನಗದು ಕೊಡಬೇಕು. ಬ್ಯಾಡಗಿ ಮೆಣಸು, ಸಾಸಿವೆಗೂ ಅದೇ ಹೊತ್ತಿಗೆ ದುಡ್ಡು ಬೇಕು. ಮಾಲು ಖರ್ಚಾಗುವುದು ಮಾತ್ರ ಮುಂದಿನ ಯುಗಾದಿಯವರೆಗೆ ಎಳೆಯುತ್ತದೆ. ಮೊದಲ ವರ್ಷ ಬಂಗಾರ ಅಡವಿಟ್ಟು ಅರವತ್ತು ಸಾವಿರದ ಹತ್ತಿರ ಎತ್ತಿದ್ದೆ. ಉಪ್ಪಿನಕಾಯಿಯಲ್ಲಿ ಲಾಭ ಕಂಡದ್ದು ನಿಜ, ಆದರೆ ಬಡ್ಡಿ ಕಳೆದ ಮೇಲೆ ಕೈಯಲ್ಲಿ ಉಳಿದದ್ದು ಹತ್ತು ಸಾವಿರವೂ ಇರಲಿಕ್ಕಿಲ್ಲ. ರುಚಿಯಲ್ಲಿ ಯಾರೂ ಕುಂದು ತೆಗೆದಿರಲಿಲ್ಲ. ಸಾಲ ತಿಂದಿತು, ಅಷ್ಟೇ.

ಆಮೇಲೆ ಎಲ್ಲರೂ ಮಾಡುವುದನ್ನೆಲ್ಲ ನಾನೂ ಮಾಡಿ ನೋಡಿದೆ. ದೊಡ್ಡ ಆನ್‌ಲೈನ್ ಅಂಗಡಿಯೊಂದರಲ್ಲಿ ಹಾಕಿದೆ. 500 ರೂಪಾಯಿಯ ಬಾಟಲಿಗೆ ಕಮಿಷನ್ನು, ಸಾಗಣೆ, ಇನ್ನೊಂದಿಷ್ಟು ಶುಲ್ಕ ಕಡಿದು ನನಗೆ ಸೇರುತ್ತಿದ್ದದ್ದು ಮುನ್ನೂರ ಇಪ್ಪತ್ತರ ಆಸುಪಾಸು, ಅದೂ ವಾಪಸಾತಿ ಅವಧಿ ಮುಗಿದ ಮೇಲೆ. ನನ್ನ ಮಿಡಿಯ ಪಕ್ಕದಲ್ಲೇ ಹೋಳು ಮಾವಿನ ಉಪ್ಪಿನಕಾಯಿ 180ಕ್ಕೆ ಕೂತಿರುತ್ತಿತ್ತು. ಮಿಡಿಗೂ ಹೋಳಿಗೂ ಇರುವ ವ್ಯತ್ಯಾಸ ಬೆರಳುಗಾತ್ರದ ಫೋಟೋದಲ್ಲಿ ಯಾರಿಗೆ ಕಾಣಬೇಕು?

ಮನೆ ಬಾಗಿಲಿಗೆ ಬಂದಾಗ ದುಡ್ಡು ಕೊಡುವ ಪದ್ಧತಿ, ಅಂದರೆ ಕ್ಯಾಶ್ ಆನ್ ಡೆಲಿವರಿ, ಅದಕ್ಕಿಂತ ಕೆಟ್ಟದು. ಹತ್ತು ಕಳಿಸಿದರೆ ಮೂರಾದರೂ ವಾಪಸ್. "ಮನೆಯಲ್ಲಿ ಇರ್ಲಿಲ್ಲ ಮೇಡಂ", "ನಮ್ಮ ಮಗ ಆರ್ಡರ್ ಮಾಡಿದ್ದ, ನಮಗೆ ಗೊತ್ತೇ ಇಲ್ಲ". ಹೋಗಿ ಬರುವ ಎರಡೂ ಕಡೆಯ ಬಾಡಿಗೆ ನನ್ನ ತಲೆಗೆ. ಎಲ್ಲೋ ಗೋದಾಮಿನಲ್ಲಿ ಎರಡು ವಾರ ಕೂತು ಬಂದ ಡಬ್ಬಿ ಬಿಚ್ಚಿದರೆ ರಸ ಸೋರಿ ರಟ್ಟು ಕೆಂಪಾಗಿರುತ್ತಿತ್ತು. ಅದನ್ನು ಮತ್ತೊಬ್ಬರಿಗೆ ಕಳಿಸುವ ಹಾಗಿಲ್ಲ. ಆ ವರ್ಷ ನೆಂಟರಿಷ್ಟರಿಗೆಲ್ಲ ಉಪ್ಪಿನಕಾಯಿ ಪುಕ್ಕಟೆ.

ರೀಲ್ಸ್‌ಗೆ ಜಾಹೀರಾತು ಕೊಟ್ಟದ್ದೂ ಉಂಟು. ದಿನಕ್ಕೆ 150 ರೂಪಾಯಿಯಂತೆ ತಿಂಗಳ ಮೇಲೆ ಓಡಿಸಿದೆ, ಮೇಲಿಂದ ತೆರಿಗೆ, ಒಟ್ಟು ಆರೇಳು ಸಾವಿರ ಹೋಯಿತು. ಮೆಸೇಜಿಗೇನೂ ಬರಗಾಲವಿರಲಿಲ್ಲ, "ರೇಟ್ ಪ್ಲೀಸ್" ಎಂದು ದಿನಕ್ಕೆ ಮೂವತ್ತು ಬರುತ್ತಿತ್ತು. ರೇಟು ಹೇಳಿದ ಮೇಲೆ ನೀಲಿ ಟಿಕ್ಕು, ಮತ್ತೆ ಮೌನ. ಹೋದದ್ದು ಇಪ್ಪತ್ತು ಬಾಟಲಿ. ಬಾಟಲಿಗೆ 300 ಜಾಹೀರಾತು ಖರ್ಚು ಬಿದ್ದರೆ, ನನಗೆ ಉಳಿಯುವುದೇ ಇನ್ನೂರಚಿಲ್ಲರೆ ಇರುವಾಗ, ಒಂದೊಂದು ಬಾಟಲಿಯ ಜೊತೆಗೂ ನಾನೇ ದುಡ್ಡು ಇಟ್ಟು ಕೊಟ್ಟಂತೆ. ಸೀರೆ, ಆಭರಣ ಮಾರುವವರಿಗೆ ಜಾಹೀರಾತು ಹೊಂದಬಹುದು. ವರ್ಷಕ್ಕೆ ಒಂದೋ ಎರಡೋ ಕಿಲೋ ಕೊಳ್ಳುವ ಪದಾರ್ಥಕ್ಕೆ ಅದು ಹೊಂದುವುದಿಲ್ಲ ಎಂಬುದು ನನ್ನ ಖಂಡಿತ ಅಭಿಪ್ರಾಯ, ಯಾರು ಏನೇ ಕೋರ್ಸು ಮಾರಲಿ.

ದಾರಿ ಕಂಡದ್ದು ಬೆಂಗಳೂರಿನ ಒಬ್ಬ ಗಿರಾಕಿಯಿಂದ. ಮೂಲ ಸಾಗರದ ಕಡೆಯವರಂತೆ. ಬಾಟಲಿ ಮುಟ್ಟಿದ ಮೇಲೆ ಅವರು ರುಚಿ ಚೆನ್ನಾಗಿದೆ ಎನ್ನಲಿಲ್ಲ, "ಇದು ಯಾವ ಮರದ್ದು?" ಎಂದು ಕೇಳಿದರು. ನಮ್ಮ ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆಯೇ ಅದು. ಅಲ್ಲಿಯವರೆಗೆ ನಾನು ಲೇಬಲ್ ಮೇಲೆ "ಮಲೆನಾಡಿನ ಶುದ್ಧ ಅಪ್ಪೆಮಿಡಿ" ಎಂದು ಹಾಕುತ್ತಿದ್ದೆ, ಬೇರೆ ನೂರು ಜನ ಹಾಕುವ ಹಾಗೆ. ಮರುವರ್ಷದಿಂದ ಮರ ಬೇರೆ ಮಾಡಿ ಹಾಕತೊಡಗಿದೆ. ಜೀರಿಗೆ ಎಂಬ ತಳಿಯ ಮಿಡಿ ಬೇರೆ ಭರಣಿ, ಮಾಲಂಜಿ ಎಂಬ ತಳಿಯದ್ದು ಬೇರೆ ಭರಣಿ, ಹೊಳೆ ಅಂಚಿನ ಒಂದು ಹಳೇ ಮರದ್ದು ಬೇರೆ. ಒಂದೊಂದು ಮರದಿಂದ ಸಿಗುವುದು ಇಷ್ಟೇ ಬಾಟಲಿ ಎಂದು ಗೊತ್ತಾದಾಗ ಜನ ತಾವಾಗಿಯೇ "ನನಗೊಂದು ಎತ್ತಿಡಿ" ಎನ್ನುತ್ತಾರೆ. ಎತ್ತಿಡುವುದಕ್ಕೆ ಮುಂಗಡ ಕೇಳಿದರೆ ತಪ್ಪೇನು?

ಮುಂಗಡ ಬಾಟಲಿಗೆ 300, ಉಳಿದ 300 ಮತ್ತು ಕೊರಿಯರ್ ಬಾಡಿಗೆ ಕಳಿಸುವ ಹಿಂದಿನ ದಿನ. ಒಂದು ಕಿಲೋದ್ದು ಒಂದೇ ಅಳತೆ, ಅರ್ಧ ಕಿಲೋ ಇಲ್ಲ, ರಿಯಾಯಿತಿ ಇಲ್ಲ. ಸಂಕ್ರಾಂತಿಯ ದಿನ ಬುಕಿಂಗ್ ತೆರೆಯುತ್ತೇನೆ, ಜನವರಿ ಮುಗಿಯುವಷ್ಟರಲ್ಲಿ ಮುಚ್ಚುತ್ತೇನೆ. ಮೊದಲ ಸಲ ಬಂದದ್ದು ನಲವತ್ತೈವತ್ತು ಬಾಟಲಿಯ ಮುಂಗಡ. ಈಗ ನಾನೂರೈವತ್ತರ ಹತ್ತಿರ. ಮಿಡಿಯ ಖರ್ಚು ಹೆಚ್ಚುಕಮ್ಮಿ ಅದರಲ್ಲೇ ಮುಗಿಯುತ್ತದೆ. ಬಂಗಾರ ಕೊರಳಲ್ಲೇ ಇದೆ.

ವಾಟ್ಸಾಪ್‌ನಲ್ಲಿ ಮಾರುವವರೆಲ್ಲ ಗುಂಪು ಮಾಡುತ್ತಾರೆ. ನಾನು ಗುಂಪು ಮಾಡುವುದಿಲ್ಲ. ಗುಂಪಿನಲ್ಲಿ ಒಬ್ಬರು "ಉಪ್ಪು ಜಾಸ್ತಿ" ಎಂದರೆ ಉಳಿದವರ ನಾಲಿಗೆಗೂ ಉಪ್ಪು ಹತ್ತುತ್ತದೆ, ಮೇಲಿಂದ ಶುಭೋದಯದ ಹೂವಿನ ಚಿತ್ರಗಳು. ಒಂದೇ ಮೆಸೇಜು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟೇ ಸರಿ. ಒಂದು ಲಿಸ್ಟಿಗೆ 256 ಜನರ ಮಿತಿ ಇದೆ ಎಂದು ಹಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಅದೇ ಅನುಕೂಲವಾಯಿತು, ಮರಕ್ಕೊಂದು ಲಿಸ್ಟ್ ಮಾಡಿದೆ. ಜೀರಿಗೆಯವರಿಗೆ ಜೀರಿಗೆ ಮರದ ಸುದ್ದಿ ಮಾತ್ರ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಬ್ರಾಡ್‌ಕಾಸ್ಟ್ ಮುಟ್ಟುತ್ತದೆ, ಇದನ್ನು ಮರೆತು "ನೂರು ಜನಕ್ಕೆ ಕಳಿಸಿದೆ, ಯಾರೂ ಉತ್ತರ ಕೊಡಲಿಲ್ಲ" ಎನ್ನುವವರೇ ಜಾಸ್ತಿ. ಅದಕ್ಕೆ ಪ್ರತಿ ಬಾಟಲಿಯ ಜೊತೆ ಒಂದು ಚೀಟಿ: ಈ ನಂಬರ್ ಸೇವ್ ಮಾಡಿ "ಮಿಡಿ" ಎಂದು ಕಳಿಸಿ, ಮುಂದಿನ ವರ್ಷ ಬುಕಿಂಗ್ ನಿಮಗೆ ಒಂದು ದಿನ ಮೊದಲು ತೆರೆಯುತ್ತದೆ. ನೂರರಲ್ಲಿ ಅರವತ್ತು ಜನ ಕಳಿಸುತ್ತಾರೆ. ದೀಪಾವಳಿ ಆದ ಮೇಲೆ ಹಳೇ ಗಿರಾಕಿಗಳಿಗೆ ಒಂದು ಮೆಸೇಜ್ ಹೋಗುತ್ತದೆ, ಎರಡೇ ಸಾಲು. ಅದರಲ್ಲಿ ಏನಿರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ, ಆ ಎರಡು ಸಾಲು ನನಗೆ ವರ್ಷದ ಅರ್ಧ ದುಡಿದು ಕೊಡುತ್ತದೆ.

ಸ್ಟೇಟಸ್‌ನಲ್ಲಿ ಏನು ಹಾಕಬೇಕು ಎಂದು ಕೇಳುತ್ತೀರಿ. ಶಿರಸಿಯಿಂದ ಹುಡುಗನೊಬ್ಬನನ್ನು ಕರೆಸಿ ಬಾಳೆಲೆ, ಹಿತ್ತಾಳೆ ಪಾತ್ರೆ ಎಲ್ಲ ಇಟ್ಟು ವಿಡಿಯೋ ತೆಗೆಸಿದ್ದೆ, ಮೂರು ಸಾವಿರ ಕೊಟ್ಟೆ. ಅದನ್ನು ನೋಡಿ ಒಬ್ಬರೂ ಬುಕ್ ಮಾಡಲಿಲ್ಲ. ಜನ ನಿಂತು ನೋಡಿದ್ದು ಬೇರೆ. ಮರ ಹತ್ತಿ ಕೊಯ್ಯುವ ಕೊನೆಗಾರ ತುದಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಸುತ್ತಿದ್ದ. ಕೆಳಗೆ ನಾನು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಬುಟ್ಟಿ ಹಿಡಿಯಲು ಹೋಗಿ ಚಿತ್ರವೆಲ್ಲ ಅಲುಗಾಡಿತ್ತು. ಒಂದು ಮಿಡಿ ತೊಟ್ಟು ಮುರಿದು ನೆಲಕ್ಕೆ ಬಿತ್ತು, ಸೊನೆ ಚಿಮ್ಮಿತು, ನಾನು ಅದನ್ನೆತ್ತಿ "ಇದು ಆಗದು, ಮನೆ ಗೊಜ್ಜಿಗೆ" ಎಂದು ಪಕ್ಕಕ್ಕೆ ಎಸೆದೆ. ಅಷ್ಟೇ, ಅರ್ಧ ನಿಮಿಷವೂ ಇಲ್ಲ. ಆ ಸಂಜೆಯೊಳಗೆ ಮುಂದಿನ ವರ್ಷಕ್ಕೆ ಹೆಸರು ಬರೆಸಿದವರು ಹತ್ತಿಪ್ಪತ್ತು ಮಂದಿ. ಬಿದ್ದ ಮಿಡಿ ಬಾಟಲಿಗೆ ಹೋಗುವುದಿಲ್ಲ ಎಂದು ಕಣ್ಣಾರೆ ಕಂಡರಲ್ಲ.

ಬೆಳೆ ಕೈಕೊಟ್ಟರೆ ಏನು ಎಂಬುದು ಭಾವನ ಎರಡನೇ ಪ್ರಶ್ನೆಯಾಗಿತ್ತು. ಕೊಟ್ಟಿತು ಕೂಡ. ಮಾವಿನ ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಕೈ ಹಿಡಿಯುವ ಜಾತಿ, ಅದರ ಮೇಲೆ ಹೂವಿಗೆ ಮೋಡ, ಮಳೆ. ಒಂದು ಹಂಗಾಮಿನಲ್ಲಿ ಜೀರಿಗೆ ಮರ ಪೂರ್ತಿ ಬರಿದಾಯಿತು, ಮುಂಗಡ ಕೊಟ್ಟವರು ನಲವತ್ತರ ಹತ್ತಿರ ಇದ್ದರು. ಗೊತ್ತಾದ ದಿನವೇ ಮರದ ಫೋಟೋ ಕಳಿಸಿ ಬರೆದೆ: ದುಡ್ಡು ವಾಪಸ್ ಬೇಕೋ, ಬೇರೆ ಮರದ್ದು ಆಗಬಹುದೋ. ವಾಪಸ್ ಕೇಳಿದವರು ಐದಾರು ಮಂದಿ, ಅಂದೇ ರಾತ್ರಿ ಹಾಕಿದೆ. ಅವರಲ್ಲೂ ಮರುವರ್ಷ ಬಂದವರಿದ್ದಾರೆ. ಮುಂಗಡದ ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿ, ಮಿಡಿ ಅಂಗಳಕ್ಕೆ ಬರುವವರೆಗೆ ಅದು ನಿಮ್ಮದಲ್ಲ.

ಪಾರ್ಸೆಲ್ ವಿಷಯಕ್ಕೆ ಬರುತ್ತೇನೆ, ಹೆಚ್ಚಿನವರ ಲಾಭ ಸೋರುವುದು ಅಲ್ಲೇ. ಗಾಜಿನ ಬಾಟಲಿ ಬಿಟ್ಟು ಪೆಟ್ ಪ್ಲಾಸ್ಟಿಕ್ಕಿನ ಜಾರ್‌ಗೆ ಬಂದೆ. ಮುಚ್ಚಳದ ಒಳಗೆ ಅಲ್ಯೂಮಿನಿಯಂ ಸೀಲು ಹಾಕುವ ಕೈಯಂತ್ರ ನಾಲ್ಕೈದು ಸಾವಿರಕ್ಕೆ ಸಿಗುತ್ತದೆ, ತಗೊಳ್ಳಿ. ಎಣ್ಣೆ ಹಾಕದ, ರಸ ಇರುವ ಮಿಡಿಗೆ ಇದು ಬೇಕೇಬೇಕು. ಆದರೆ ಉಪ್ಪಿನಕಾಯಿ ಇನ್ನೂ ಕಳಿಯುತ್ತಿರುವಾಗ ಸೀಲು ಹಾಕಿದರೆ ಒಳಗೆ ಗಾಳಿ ತುಂಬಿ ಉಬ್ಬುತ್ತದೆ. ಎಷ್ಟು ದಿನ ಬಿಡಬೇಕು, ಜಾರ್ ಬಾಯಿಯಲ್ಲಿ ಎಷ್ಟು ಜಾಗ ಬಿಡಬೇಕು ಎಂಬ ಲೆಕ್ಕ ನನ್ನ ಹತ್ತಿರವೇ ಇರಲಿ, ಎರಡು ಹಂಗಾಮು ಕಳಕೊಂಡು ಕಲಿತದ್ದು.

ರಟ್ಟಿನ ಡಬ್ಬಿಯ ಅಳತೆ ಮಾತ್ರ ಧಾರಾಳವಾಗಿ ಹೇಳುತ್ತೇನೆ. ಕೊರಿಯರ್‌ನವರು ತಕ್ಕಡಿ ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ನನ್ನ ಮೊದಲಿನ ಡಬ್ಬಿ 20-20-20, ಅಂದರೆ 1.6 ಕಿಲೋ ಲೆಕ್ಕ, ಅರ್ಧ ಕಿಲೋದ ಹಂತದಲ್ಲಿ ಎರಡು ಕಿಲೋಗೆ ಏರುತ್ತಿತ್ತು. 18-18-20 ಮಾಡಿಸಿದೆ. 1.3 ಕಿಲೋಗೆ ಇಳಿಯಿತು, ಒಂದೂವರೆ ಕಿಲೋದ ಬಾಡಿಗೆ. ಪಾರ್ಸೆಲ್‌ಗೆ ಇಪ್ಪತ್ತೈದು ಮೂವತ್ತು ರೂಪಾಯಿ ಉಳಿಯಿತು. ನಾಲ್ಕೈದು ನೂರು ಪಾರ್ಸೆಲ್‌ಗೆ ಲೆಕ್ಕ ಹಾಕಿ. ಇಷ್ಟಕ್ಕೆ ನಾನು ಕಳಕೊಂಡದ್ದು ಎರಡು ಸೆಂಟಿಮೀಟರ್ ಥರ್ಮಾಕೋಲು. ಮಳೆಗಾಲದಲ್ಲಿ ಕಳಿಸುವುದೇ ಇಲ್ಲ. ರಟ್ಟು ತಂಡಿ ಹಿಡಿಯುತ್ತದೆ, ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಮೇ ಕೊನೆಗೆ ಒಂದು ಸುತ್ತು, ನವರಾತ್ರಿಯ ಹೊತ್ತಿಗೆ ಇನ್ನೊಂದು.

ಲೆಕ್ಕ ಕೇಳುವವರಿಗೆ, ನೆನಪಿನಿಂದ ಹೇಳುವುದಾದರೆ: ಕಿಲೋಗೆ ಮಿಡಿ 200, ಮೆಣಸು-ಸಾಸಿವೆ-ಉಪ್ಪು 65-70, ಜಾರು-ಡಬ್ಬಿ-ಲೇಬಲ್ 55, ಕೈಕೆಲಸದ ಇಬ್ಬರಿಗೆ ನಲವತ್ತು. 600ಕ್ಕೆ ಮಾರಿದರೆ ಉಳಿಯುವುದು 230ರ ಸುತ್ತ. ಕಳೆದ ಹಂಗಾಮಿನಲ್ಲಿ ಏಳುನೂರು ಬಾಟಲಿ ಆಗಿರಬಹುದು, ಅಂದರೆ ಒಂದೂವರೆ ಲಕ್ಷದ ಮೇಲೆ. ತೋಟದ ಮನೆಯಲ್ಲಿ ಕೂತು, ಮೂರು ತಿಂಗಳ ಗಟ್ಟಿ ಕೆಲಸಕ್ಕೆ. ಭಾವ ಈಗ ತಮ್ಮ ಕಾಳುಮೆಣಸಿಗೂ ಹೀಗೇ ಲಿಸ್ಟ್ ಮಾಡಿಕೊಡು ಎನ್ನುತ್ತಿದ್ದಾರೆ.

ಕಾಗದಪತ್ರದ್ದು ಎರಡು ಮಾತು. ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ನಾನು ಮಾಡಿಸಿದಾಗ ವಹಿವಾಟು 12 ಲಕ್ಷದೊಳಗಿನವರಿಗೆ ವರ್ಷಕ್ಕೆ 100 ರೂಪಾಯಿ, ಅದಿಲ್ಲದೆ ಲೇಬಲ್ ಅಂಟಿಸಬೇಡಿ. ಸರಕು ಮಾರುವವರಿಗೆ ರಾಜ್ಯದೊಳಗೆ ಜಿಎಸ್‌ಟಿ ನೋಂದಣಿಗೆ ವಹಿವಾಟಿನ ಮಿತಿ ವರ್ಷಕ್ಕೆ 40 ಲಕ್ಷ, ಆದರೆ ಹೊರರಾಜ್ಯಕ್ಕೆ ಮಾರಿದರೆ ಆ ಮಿತಿ ಅನ್ವಯಿಸುವುದಿಲ್ಲ, ನೋಂದಣಿ ಬೇಕು. ಅದಕ್ಕೇ ನಾನು ಕರ್ನಾಟಕ ಬಿಟ್ಟು ಮಾರುವುದಿಲ್ಲ. ಪುಣೆ, ಮುಂಬೈಯ ನಮ್ಮವರು ಬೆಂಗಳೂರಿನ ಅಕ್ಕನ ಮನೆಯಲ್ಲೋ ಹುಬ್ಬಳ್ಳಿಯ ಮಾವನ ಮನೆಯಲ್ಲೋ ಕೊಂಡುಕೊಳ್ಳುತ್ತಾರೆ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ ನಮ್ಮ ಸಂಘದಲ್ಲೂ ಕೆಲವರು ಕ್ಯೂಆರ್ ಕೋಡ್ ಕಿತ್ತಿಟ್ಟರು. ಮನೆ ದುಡ್ಡು, ಅಡಿಕೆ ದುಡ್ಡು, ವ್ಯಾಪಾರದ ದುಡ್ಡು ಒಂದೇ ಖಾತೆಗೆ ಬೀಳದಿದ್ದರೆ ಹೆದರುವುದೇನೂ ಇಲ್ಲ.

ಪಕ್ಕದ ಪ್ರಯೋಗಗಳೂ ನಡೆದಿವೆ. ಕಾಗದದಷ್ಟು ತೆಳುವಾದ ಸಿಹಿ ತಿಂಡಿ ತೊಡೆದೇವು ಕಳಿಸಿದೆ, ಬೆಂಗಳೂರು ಮುಟ್ಟುವಾಗ ಹುಡಿ. ಹಲಸಿನ ಹಪ್ಪಳ ಚೆನ್ನಾಗಿ ಹೋಗುತ್ತದೆ, ಆದರೆ ಡಬ್ಬಿ ತುಂಬ ಗಾಳಿ, ಮತ್ತೆ ಆ 5000ದ ಲೆಕ್ಕ ಹೊಡೆಯುತ್ತದೆ. ಹಾಗಾಗಿ ಉಪ್ಪಿನಕಾಯಿ ಡಬ್ಬಿಯ ಸಂದಿಯಲ್ಲಿ ಹಿಡಿಸುವಷ್ಟೇ ಹಪ್ಪಳ ಕಟ್ಟಿ ಕೊಡುತ್ತೇನೆ, ಥರ್ಮಾಕೋಲಿನ ಕೆಲಸವೂ ಆಗುತ್ತದೆ. ನಿಜವಾಗಿ ಹಿಡಿದದ್ದು ಉಪ್ಪಿನಲ್ಲಿ ಚಿರುಟಿದ ಬರೇ ಮಿಡಿ, ಮಸಾಲೆ ಇಲ್ಲದೆ. ತಾವೇ ಅರೆದು ಹಾಕಿಕೊಳ್ಳುವ ಆಸೆ ಪೇಟೆಯಲ್ಲಿರುವ ಎಷ್ಟೋ ಜನಕ್ಕೆ ಇದೆ, ಮಿಡಿ ಸಿಗುವುದಿಲ್ಲ ಅಷ್ಟೇ. ಪರೀಕ್ಷೆಗೆಂದು ಎರಡು ಭರಣಿ ಹಾಕಿದ್ದು ನಾಲ್ಕು ದಿನದಲ್ಲಿ ಖಾಲಿ. ನನಗೂ ಅರೆಯುವ ಕೆಲಸ ಉಳಿಯಿತು, ರೇಟು ಕಿಲೋಗೆ ನೂರು ಮಾತ್ರ ಕಡಿಮೆ.

ಬರುವ ಹಂಗಾಮಿಗೆ ಅದನ್ನೇ ಜಾಸ್ತಿ ಮಾಡುತ್ತೇನೆ. ಭರಣಿ ಸಾಲದು, ಐವತ್ತು ಲೀಟರಿನ ಫುಡ್‌ಗ್ರೇಡ್ ಡ್ರಮ್ಮು ಐದಾರು ಬೇಕು. ಒಳ್ಳೆಯ ರೇಟಿಗೆ ಸಿಗುವ ಜಾಗ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಹೊಸದೇ ಆಗಬೇಕು, ಮೊದಲು ಎಣ್ಣೆ ತುಂಬಿದ್ದು ಬೇಡ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ.